ವರ್ಷದ ಪದವಿಯೂ ತಲೆಮಾರಿನ ತೆಂಗೂ

ಜುಲೈ ಮಾಸವು ಬಂದಿತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಂಥ ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಪದಗ್ರಹಣ ಸಮಾರಂಭಗಳ ಸುಗ್ಗಿಯು ತೊಡಗುವುದು. ರೋಟರಿ, ಲಯನ್ಸ್ ಮೊದಲಾದ ಸೇವಾಸಂಘಗಳ ವರ್ಷವು ಜುಲೈ ೧ರಂದು ಆರಂಭವಾಗಿ ಜೂನ್ ೩೦ಕ್ಕೆ ಮುಗಿಯತಕ್ಕದ್ದೆಂಬುದು ವಾಚಕರಿಗೆ ವಿದಿತವೇ ಇದೆ. ಹಳೆಯ ಅಧ್ಯಕ್ಷರ ಕೊರಳಿನಲ್ಲಿದ್ದ ಪದಕವು ಹೊಸ ಅಧ್ಯಕ್ಷರ ಕೊರಳಿಗೆ ಬರುವುದು. ಹಾರ, ಪೇಟ, ಫಲತಾಂಬೂಲಗಳ ಉಪಚಾರವಾದ ಮೇಲೆ ಕಾರ್ಯದರ್ಶಿಗಳು ವರದಿಯನ್ನು ಓದುವರು: ಇಷ್ಟು ಕಣ್ಣಿನ ಶಿಬಿರಗಳು, ಇಷ್ಟು ರಕ್ತದಾನ ಶಿಬಿರಗಳು, ಇಷ್ಟು ಶಾಲೆಗಳಿಗೆ ಪುಸ್ತಕ, ಇಷ್ಟು ಸಸಿಗಳ ನಾಟಿ. ಅದರ ಬೆನ್ನಿಗೆ ಸದಸ್ಯವಾರ್ತೆ: ಇಂಥವರ ಮಗಳಿಗೆ ವಿವಾಹ, ಇಂಥವರಿಗೆ ಉದ್ಯೋಗದಲ್ಲಿ ಬಡ್ತಿ, ಇಂಥ ಹಿರಿಯರು ದೈವಾಧೀನರಾದರು, ಇಷ್ಟು ಮಂದಿ ಹೊಸದಾಗಿ ಸೇರಿದರು. ವಂದನಾರ್ಪಣೆಯಾಗುವುದು, ಭೋಜನವಾಗುವುದು, ಸಭೆಯು ಮುಗಿಯುವುದು.

ಇದನ್ನು ಹಾಸ್ಯಮಾಡುವ ಉದ್ದೇಶವು ನಮಗಿಲ್ಲ. ತಮ್ಮ ಅಂಗಡಿ, ಕಚೇರಿ, ದವಾಖಾನೆಗಳ ಕೆಲಸವನ್ನು ಬದಿಗಿರಿಸಿ, ಸ್ವಂತ ಕೈಯಿಂದ ವಂತಿಗೆಯನ್ನು ತೆತ್ತು ಊರಿನ ಹಿತಕ್ಕಾಗಿ ಒಂದೆಡೆ ಸೇರತಕ್ಕ ಪೌರರು ಯಾವ ಊರಿನಲ್ಲಿಯೂ ಹೆಚ್ಚಾಗಿ ಸಿಕ್ಕುವುದಿಲ್ಲ. ಅಂಥವರಿರುವ ಊರು ಭಾಗ್ಯಶಾಲಿಯೆಂದೇ ನಾವು ತಿಳಿಯುತ್ತೇವೆ. ಆದರೆ ಸ್ನೇಹಭಾವದಿಂದಲೇ ಒಂದು ಪ್ರಶ್ನೆಯನ್ನು ಮುಂದಿಡಬೇಕಾಗಿದೆ: ಕಳೆದ ವರ್ಷದ ವರದಿಯಲ್ಲಿ ಎಣಿಸಿದ ಸಸಿಗಳಲ್ಲಿ ಈ ವರ್ಷ ಎಷ್ಟು ಬದುಕಿವೆ? ಅದಕ್ಕೂ ಹಿಂದಿನ ವರ್ಷ ಶಾಲೆಗೆ ಕೊಟ್ಟ ಕುಡಿಯುವ ನೀರಿನ ತೊಟ್ಟಿಯ ನಲ್ಲಿಯಲ್ಲಿ ಇಂದು ನೀರು ಬರುತ್ತಿದೆಯೆ? ಈ ಪ್ರಶ್ನೆಗೆ ಯಾವ ಸಂಘದ ವರದಿಯಲ್ಲಿ ಉತ್ತರವುಂಟೋ ಆ ಸಂಘವು ಸೇವೆಯ ಮರ್ಮವನ್ನು ಬಲ್ಲದೆಂದು ಹೇಳಬಹುದು.

ನಮ್ಮದು ತೆಂಗಿನ ಸೀಮೆ. ಸಂಪಿಗೆಯಿಂದ ತಿಪಟೂರಿನವರೆಗೆ ರೈಲಿನ ಕಿಟಕಿಯಲ್ಲಿ ಕುಳಿತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಎತ್ತರದ ತಳಿಯ ತೆಂಗಿನ ಸಸಿಯನ್ನು ನೆಟ್ಟರೆ ಮೊದಲ ಹೊಂಬಾಳೆಯನ್ನು ಕಾಣುವುದಕ್ಕೆ ಆರೇಳು ವರ್ಷಗಳು ಬೇಕು. ಆ ಮೇಲೆ ಅದು ಅರವತ್ತು ವರ್ಷ ಫಲ ಕೊಡುವುದು. ನೆಟ್ಟವನ ಮೊಮ್ಮಕ್ಕಳು ಅದರ ಕಾಯನ್ನು ಕೀಳುವರು. ಇಷ್ಟೇ ಅಲ್ಲ. ಮರದಿಂದ ಇಳಿದ ಕಾಯಿಯೂ ಒಡನೆಯೇ ಹಣವಾಗುವುದಿಲ್ಲ. ಅದನ್ನು ಅಟ್ಟದ ಮೇಲೆ ಏರಿಸಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು ಗಡಗಡನೆ ಅಲುಗುವ ತನಕ ಕಾಯಬೇಕು. ಇದಕ್ಕೆ ವರ್ಷದ ಹತ್ತಿರ ಕಾಲ ಹಿಡಿಯುವುದು. ಅಂದರೆ, ಸಂಘದ ಅಧ್ಯಕ್ಷರ ಅಧಿಕಾರಾವಧಿಯು ಅಟ್ಟದ ಮೇಲಿನ ಒಂದು ಕಾಯಿ ಉಂಡೆಕೊಬ್ಬರಿಯಾಗುವಷ್ಟು ಕಾಲ ಮಾತ್ರ! ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದವರು ಲೋಕಸೇವೆಯ ವಿಷಯದಲ್ಲಿ ಮಾತ್ರ ಜುಲೈಯಲ್ಲಿ ಬಿತ್ತಿ ಜೂನಿನೊಳಗೆ ಕೊಯ್ಯಬೇಕೆಂದು ಆತುರಪಡುವುದು ಆಶ್ಚರ್ಯವಲ್ಲವೆ?

ಈ ಸಂಘಗಳು ವಿದೇಶದಿಂದ ಬಂದವು, ನಮ್ಮ ಮಣ್ಣಿಗೆ ಹೊಂದವು ಎಂದು ಹೇಳತಕ್ಕವರೂ ಉಂಟು. ಮೂಲವು ವಿದೇಶದ್ದೆಂಬುದು ನಿಜ. ೧೯೦೫ನೆಯ ಇಸವಿ ಫೆಬ್ರವರಿ ೨೩ರಂದು ಅಮೆರಿಕೆಯ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲನೂ ಅವನ ಮೂವರು ಗೆಳೆಯರೂ ಸೇರಿ ರೋಟರಿಯನ್ನು ಆರಂಭಿಸಿದರು. ಆ ಮೂವರಲ್ಲಿ ಒಬ್ಬನು ಕಲ್ಲಿದ್ದಲ ವ್ಯಾಪಾರಿ, ಒಬ್ಬನು ಗಣಿಯ ಇಂಜಿನಿಯರು, ಮತ್ತೊಬ್ಬನು ದರ್ಜಿ. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ ಸೇರುತ್ತಿದ್ದುದರಿಂದ ಆ ಹೆಸರು ಬಂದಿತು. ಅವರು ಕೈಗೊಂಡ ಮೊದಲ ಸಾರ್ವಜನಿಕ ಕಾರ್ಯವು ಯಾವುದೆಂಬುದನ್ನು ನಮ್ಮ ಸಂಘಗಳವರು ನೆನೆಯತಕ್ಕದ್ದಾಗಿದೆ. ಪ್ರತಿಮೆಯಲ್ಲ, ಸ್ವಾಗತದ ಕಮಾನಲ್ಲ. ೧೯೦೭ರಲ್ಲಿ ಅವರು ಹಿಡಿದ ಕೆಲಸವು ನಗರದಲ್ಲಿ ಸಾರ್ವಜನಿಕ ಶೌಚಾಲಯವನ್ನು ಕಟ್ಟಿಸುವುದು. ಸಂತೆಯ ದಿನ ಹತ್ತು ಹಳ್ಳಿಗಳಿಂದ ತರಕಾರಿಯ ಮಂಕರಿಯನ್ನು ಹೊತ್ತು ಬಂದು ಸಂಜೆಯವರೆಗೆ ಬಿಸಿಲಿನಲ್ಲಿ ಕುಳಿತಿರುವ ನಮ್ಮ ಹೆಣ್ಣುಮಕ್ಕಳ ಕಷ್ಟವನ್ನು ಬಲ್ಲವರಿಗೆ, ಶಿಕಾಗೋ ನಗರದ ಆ ಕೆಲಸವು ಕೀಳೆಂದು ತೋರಲಾರದು.

ಬೆಂಗಳೂರಿನಲ್ಲಿ ರೋಟರಿಯು ಸ್ಥಾಪಿತವಾದುದು ೧೯೩೪ರಲ್ಲಿ. ಆ ಕಾಲದಲ್ಲಿ ಅದು ದೊರೆಗಳ, ದೊಡ್ಡ ಅಧಿಕಾರಿಗಳ ಕೂಟವೆಂಬ ಭಾವನೆಯು ಜನರಲ್ಲಿ ಇದ್ದಿದ್ದರೆ ಅದು ಸಹಜವೇ. ಆದರೆ ತೆಂಗು ಕೂಡ ಕಡಲ ಕರೆಯ ಮರವಲ್ಲವೆ? ಅದು ಘಟ್ಟವನ್ನು ಹತ್ತಿ ಬಯಲುಸೀಮೆಗೆ ಬಂದು, ಕೆರೆಯ ಅಚ್ಚುಕಟ್ಟಿನಲ್ಲಿ ಬೇರೂರಿ, ಕಡೆಗೆ ನಮ್ಮ ಜಿಲ್ಲೆಗೇ ಕಲ್ಪತರು ನಾಡೆಂಬ ಹೆಸರನ್ನು ತಂದಿತು. ಎಲ್ಲಿಂದ ಬಂದಿತೆಂಬುದಕ್ಕಿಂತ ಇಲ್ಲಿ ಬೇರು ಬಿಟ್ಟಿತೆ ಎಂಬುದೇ ಮುಖ್ಯವು.

ಮೇಲಾಗಿ, ಬೇರು ಬಿಡುವುದಕ್ಕೆ ಬೇಕಾದ ಮಣ್ಣು ನಮ್ಮಲ್ಲಿ ಮೊದಲೇ ಇದ್ದಿತು. ಶಿಕಾಗೋದಲ್ಲಿ ಆ ನಾಲ್ವರು ಸೇರಿದ ೧೯೦೫ರಲ್ಲಿಯೇ ಪುಣೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜವು ೧೯೧೩ರಲ್ಲಿ ಆರಂಭವಾಯಿತು. ಡಿ. ವಿ. ಗುಂಡಪ್ಪನವರು ಗೋಖಲೆಯವರ ಹೆಸರಿನಲ್ಲಿಯೇ ೧೯೪೫ರಲ್ಲಿ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅವರು ೧೯೭೫ರಲ್ಲಿ ತೀರಿಕೊಂಡ ಮೇಲೆಯೂ ಸಂಸ್ಥೆಯು ಬಾಗಿಲು ಮುಚ್ಚಲಿಲ್ಲ. ನಮ್ಮ ಜಿಲ್ಲೆಯ ಸಿದ್ಧಗಂಗೆಯ ದಾಸೋಹವನ್ನು ನೋಡಿರಿ. ೨೦೧೯ರ ಜನವರಿ ೨೧ರಂದು ಶ್ರೀ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದ ದಿನಕ್ಕೂ ಒಲೆಯು ಆರಲಿಲ್ಲ. ಅಂದು ಬಂದವರಿಗೂ ಅನ್ನವಿತ್ತು. ಕಟ್ಟಿದವರು ಹೋದ ಮೇಲೆಯೂ ನಡೆಯತಕ್ಕದ್ದು ಸಂಸ್ಥೆ. ಅವರೊಡನೆಯೇ ಮುಗಿಯತಕ್ಕದ್ದು ಕೇವಲ ಸಮಾರಂಭ.

ಸೇವಾಸಂಘಗಳಿಂದ ಇಂಥ ದೀರ್ಘಸಾಧನೆಯು ಆಗಲಾರದೆಂದು ಭಾವಿಸಬೇಕಾಗಿಲ್ಲ. ಪೋಲಿಯೋ ರೋಗದ ಕಥೆಯೇ ಇದಕ್ಕೆ ಸಾಕ್ಷಿ. ೧೯೭೯ರಲ್ಲಿ ಫಿಲಿಪೈನ್ಸ್ ದೇಶದ ಮಕ್ಕಳಿಗೆ ಲಸಿಕೆ ಹಾಕಿಸುವ ಕೆಲಸದಿಂದ ರೋಟರಿಯು ಆರಂಭಮಾಡಿ, ೧೯೮೫ರಲ್ಲಿ ಅದನ್ನು ಲೋಕವ್ಯಾಪಿಯಾದ ವ್ರತವನ್ನಾಗಿ ಕೈಗೊಂಡಿತು. ೧೯೮೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳು ಜೊತೆಗೂಡಿದಾಗ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಂದಿಯನ್ನು ಆ ವ್ಯಾಧಿಯು ಹೆಳವರನ್ನಾಗಿ ಮಾಡುತ್ತಿತ್ತು. ನಮ್ಮ ದೇಶದಲ್ಲಿ ೧೯೯೫ರಿಂದ ಪಲ್ಸ್ ಪೋಲಿಯೋ ದಿನಗಳು ನಡೆದವು. ಆದರೂ ೨೦೦೯ರಲ್ಲಿ ಭಾರತದಲ್ಲಿ ೭೪೧ ಮಕ್ಕಳಿಗೆ ರೋಗವು ತಗುಲಿತು. ಅಷ್ಟು ವರ್ಷಗಳ ದುಡಿಮೆಯು ವ್ಯರ್ಥವೆಂದು ಅಂದು ಕೈಚೆಲ್ಲಿದ್ದರೆ ಏನಾಗುತ್ತಿತ್ತು? ಕೈಚೆಲ್ಲಲಿಲ್ಲ. ೨೦೧೧ರ ಜನವರಿ ೧೩ರಂದು ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡುದೇ ದೇಶದ ಕಡೆಯ ಪ್ರಕರಣವಾಯಿತು. ೨೦೧೪ರ ಮಾರ್ಚ್ ೨೭ರಂದು ನಮ್ಮ ಭೂಭಾಗವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಸರಕಾರದ ದಾದಿಯರೂ ಅಂಗನವಾಡಿಯ ತಾಯಂದಿರೂ ಮನೆಮನೆಗೆ ನಡೆದು ಹಾಕಿದ ಹನಿಗಳೇ ಈ ಜಯದ ಮೂಲವೆಂಬುದನ್ನು ಮರೆಯಲಾಗದು. ಅವರ ಬೆನ್ನಿಗೆ ಸಂಘದವರು ನಿಂತರು. ಈ ಅವಧಿಯಲ್ಲಿ ರೋಟರಿಯ ವಿಶ್ವಾಧ್ಯಕ್ಷರು ಸುಮಾರು ಮೂವತ್ತು ಮಂದಿ ಬಂದು ಹೋದರು. ಅಧ್ಯಕ್ಷರು ಬದಲಾದರು, ಕೆಲಸವು ಬದಲಾಗಲಿಲ್ಲ. ಗುಟ್ಟಿರುವುದು ಇಲ್ಲಿಯೇ.

ಹತ್ತಿರದ ಉದಾಹರಣೆಯೂ ಉಂಟು. ಬೆಂಗಳೂರಿನ ರೋಟರಿಯವರ ನೆರವಿನಿಂದ ೧೯೮೪ರಲ್ಲಿ ಆರಂಭವಾದ ಟಿ.ಟಿ.ಕೆ. ರಕ್ತನಿಧಿಯು ಇಂದಿಗೂ ರೋಗಿಗಳಿಗೆ ರಕ್ತವನ್ನೊದಗಿಸುತ್ತಿದೆ. ರಕ್ತದಾನದ ಶಿಬಿರವು ಒಂದು ಬೆಳಗಿನ ಕೆಲಸ. ರಕ್ತನಿಧಿಯು ಹಗಲಿರುಳಿನ ಕೆಲಸ. ಮೊದಲನೆಯದಕ್ಕೆ ಉತ್ಸಾಹವು ಸಾಕು. ಎರಡನೆಯದಕ್ಕೆ ಲೆಕ್ಕ, ನಿಯಮ, ಬೇಸರವಿಲ್ಲದ ದುಡಿಮೆಗಳು ಬೇಕು.

ಹಾಗಾದರೆ ತೆಂಗಿನ ಸೀಮೆಯ ಸಂಘಗಳು ಮಾಡತಕ್ಕದ್ದೇನು? ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಎರಡನ್ನು ಮಾತ್ರ ಸೂಚಿಸುತ್ತೇವೆ.

ಮೊದಲನೆಯದು ಮರ ಹತ್ತುವವರ ರಕ್ಷಣೆ. ನಮ್ಮೆಲ್ಲರ ಐಶ್ವರ್ಯವು ಅರವತ್ತು ಅಡಿ ಎತ್ತರದಲ್ಲಿದೆ; ಅದನ್ನು ಕೆಳಗಿಳಿಸತಕ್ಕವನು ಬರಿಯ ಕಾಲಿನ, ಬಡಕುಟುಂಬದ ಕೂಲಿಯವನು. ಮಳೆಗೆ ಪಾಚಿಗಟ್ಟಿದ ಮರದಿಂದ ಕಾಲು ಜಾರಿ ಬಿದ್ದು ಬೆನ್ನುಮೂಳೆ ಮುರಿದರೆ ಆ ಮನೆಯ ಒಲೆಯು ಅಂದೇ ಆರಿತೆನ್ನಬೇಕು. ತೆಂಗು ಅಭಿವೃದ್ಧಿ ಮಂಡಳಿಯು ಇಂಥವರಿಗಾಗಿ ಕೇರ ಸುರಕ್ಷಾ ಎಂಬ ಅಪಘಾತ ವಿಮೆಯನ್ನು ಏರ್ಪಡಿಸಿದೆ. ವಂತಿಗೆಯ ಹೆಚ್ಚಿನ ಪಾಲನ್ನು ಮಂಡಳಿಯೇ ಭರಿಸುವುದು. ಯಂತ್ರದ ನೆರವಿನಿಂದ ಮರ ಹತ್ತುವುದನ್ನು ಕಲಿಸುವ ತರಬೇತಿಯನ್ನೂ ಅದು ೨೦೧೧ರಲ್ಲಿ ಆರಂಭಿಸಿತು. ಆದರೆ ಅರ್ಜಿಯನ್ನು ತುಂಬುವವರು ಯಾರು? ವರ್ಷವರ್ಷವೂ ಅದನ್ನು ನವೀಕರಿಸಬೇಕೆಂದು ನೆನಪುಮಾಡುವವರು ಯಾರು? ವಕೀಲರು, ಗುಮಾಸ್ತರು, ಉಪಾಧ್ಯಾಯರು, ಕೊಬ್ಬರಿಯ ಮಂಡಿಯವರು ಸದಸ್ಯರಾಗಿರುವ ಸಂಘಕ್ಕೆ ಇದಕ್ಕಿಂತ ತಕ್ಕ ಕೆಲಸವಿಲ್ಲ. ಹೋಬಳಿಗೊಂದು ಪಟ್ಟಿ, ಪಟ್ಟಿಗೊಬ್ಬ ಹೊಣೆಗಾರ ಸದಸ್ಯ; ಇಷ್ಟಾದರೆ ಸಾಕು.

ಎರಡನೆಯದು ನೀರು. ಕೊಳವೆಬಾವಿಗಳನ್ನು ಆಳ ಆಳಕ್ಕೆ ಕೊರೆದು ಅಂತರ್ಜಲವನ್ನು ಬರಿದುಮಾಡಿದ ಸೀಮೆಗಳಲ್ಲಿ ನಮ್ಮದೂ ಒಂದು. ಹೇಮಾವತಿಯ ನಾಲೆಯ ನೀರು ಎಲ್ಲ ಕೆರೆಗಳಿಗೂ ಎಲ್ಲ ವರ್ಷವೂ ಬರುವುದಿಲ್ಲ. ಕೆರೆಯ ಹೂಳೆತ್ತುವುದು ಸರಕಾರದ, ಪಂಚಾಯಿತಿಯ ಕಾರ್ಯವೆಂಬುದು ದಿಟ. ಸಂಘವು ಅವುಗಳ ಸ್ಥಾನದಲ್ಲಿ ಕುಳಿತುಕೊಳ್ಳತಕ್ಕದ್ದಲ್ಲ. ಆದರೆ ಒಂದು ಕೆರೆಯನ್ನು ಆರಿಸಿಕೊಂಡು, ಅದಕ್ಕೆ ನೀರು ತರುವ ಹಳ್ಳಕಾಲುವೆಗಳು ಎಲ್ಲೆಲ್ಲಿ ಮುಚ್ಚಿಹೋಗಿವೆ, ಎಲ್ಲೆಲ್ಲಿ ಒತ್ತುವರಿಯಾಗಿವೆ ಎಂಬುದನ್ನು ನಕ್ಷೆಯೊಡನೆ ಬರೆದು, ಪ್ರತಿ ವರ್ಷ ಮುಂಗಾರಿಗೆ ಮೊದಲು ಅದನ್ನು ಪಂಚಾಯಿತಿಯ ಮುಂದಿಟ್ಟು, ಏಳು ವರ್ಷ ಬಿಡದೆ ಕೇಳುವುದು ಸಂಘದಿಂದ ಸಾಧ್ಯವು. ಒಬ್ಬ ರೈತನು ಕೇಳಿದರೆ ಅರ್ಜಿಯಾಗುವುದು. ಊರಿನ ಗಣ್ಯರು ಏಳು ವರ್ಷ ಕೇಳಿದರೆ ಅದು ಕಟ್ಟಳೆಯಾಗುವುದು.

ಇಂಥ ಕಾರ್ಯಗಳಿಗೆ ಸದಸ್ಯವಾರ್ತೆಯ ರೀತಿಯೂ ಬದಲಾಗಬೇಕು. ಸಂಪಿಗೆಯೇ ಪುರಾಣದ ಚಂಪಕಾಪುರಿಯೆಂಬುದು ಸ್ಥಳದ ಪ್ರತೀತಿ. ಯುದ್ಧಕ್ಕೆ ಹೊತ್ತು ಮೀರಿ ಬಂದವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ನೂಕತಕ್ಕದ್ದೆಂದು ಹಂಸಧ್ವಜ ರಾಯನು ಡಂಗುರ ಹೊಡೆಸಿದನು; ತಡವಾಗಿ ಬಂದವನು ಸ್ವಂತ ಮಗನಾದ ಸುಧನ್ವನೇ ಆದರೂ ಕಟ್ಟಳೆಯು ಸಡಿಲಲಿಲ್ಲ. ಲಕ್ಷ್ಮೀಶ ಕವಿಯ ಜೈಮಿನಿ ಭಾರತವನ್ನು ಕೇಳಿ ಬೆಳೆದ ನಮ್ಮ ಹಿರಿಯರಿಗೆ ಇದು ಕರತಲಾಮಲಕ. ರೋಟರಿಯಲ್ಲಿಯೂ ವಾರವಾರದ ಹಾಜರಿಯ ನಿಯಮವು ಬಹುಕಾಲ ಬಿಗಿಯಾಗಿದ್ದು ೨೦೧೬ರಲ್ಲಿ ಸಡಿಲವಾಯಿತು. ಹಾಜರಿಯು ಒಳ್ಳೆಯದೇ, ಆದರೆ ಕೊಪ್ಪರಿಗೆಯಿಂದ ಬದುಕಿ ಬಂದ ಸುಧನ್ವನು ಅಷ್ಟಕ್ಕೆ ತೃಪ್ತನಾಗದೆ ರಣರಂಗಕ್ಕೆ ನಡೆದನೆಂಬುದನ್ನೂ ನೆನೆಯಬೇಕು. ಹೊಸ ಸದಸ್ಯರು ಸೇರಿದರೆಂದು ಪ್ರಕಟಿಸುವಾಗ ಅವರು ಯಾವ ಕೆಲಸದ ಹೊಣೆಯನ್ನು ಹೊತ್ತರೆಂದೂ ಪ್ರಕಟವಾಗಲಿ. ಹಿರಿಯರೊಬ್ಬರು ದಿವಂಗತರಾದರೆಂಬ ವಾರ್ತೆಯೊಡನೆ ಅವರು ಬಿಟ್ಟುಹೋದ ಕೆಲಸವನ್ನು ಯಾರು ಹಿಡಿದರೆಂಬ ವಾರ್ತೆಯೂ ಬರಲಿ. ಮೌನಾಚರಣೆಗಿಂತ ಅದು ದೊಡ್ಡ ಶ್ರದ್ಧಾಂಜಲಿ. ರೋಟರಿಯು ಸ್ತ್ರೀಯರಿಗೆ ಸದಸ್ಯತ್ವದ ಬಾಗಿಲನ್ನು ತೆರೆದುದು ೧೯೮೯ರಲ್ಲಿ. ೨೦೨೨ರಲ್ಲಿ ಸ್ತ್ರೀಯೊಬ್ಬರು ವಿಶ್ವಾಧ್ಯಕ್ಷರೂ ಆದರು. ನಮ್ಮ ಪಟ್ಟಣಗಳ ಸಂಘಗಳಲ್ಲಿ ಉಪಾಧ್ಯಾಯಿನಿಯರು, ವೈದ್ಯೆಯರು ಆತಿಥ್ಯದ ಪಂಕ್ತಿಯಲ್ಲಿಯಲ್ಲ, ಆಲೋಚನೆಯ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕಾದುದು ಯುಕ್ತವು.

ಹೊಸ ಅಧ್ಯಕ್ಷರಾಗತಕ್ಕ ಮಹನೀಯರಲ್ಲಿ ನಮ್ಮದು ಒಂದೇ ವಿಜ್ಞಾಪನೆ. ಪದಗ್ರಹಣದ ದಿನ ಪದಕದೊಡನೆ ಒಂದು ದಪ್ಪ ಪುಸ್ತಕವನ್ನೂ ಹಿಂದಿನವರಿಂದ ಕೇಳಿ ತೆಗೆದುಕೊಳ್ಳಿರಿ. ಹಿಂದಿನ ಏಳು ವರ್ಷಗಳ ಕೆಲಸಗಳು ಅದರಲ್ಲಿ ಬರೆದಿರಲಿ. ಒಂದೊಂದರ ಎದುರಿಗೂ ಅದರ ಇಂದಿನ ಸ್ಥಿತಿಯು ಬರೆದಿರಲಿ. ಕೆಟ್ಟುದನ್ನು ದುರಸ್ತಿಮಾಡಿದ ಅಧ್ಯಕ್ಷರು ಹೊಸದನ್ನು ಉದ್ಘಾಟಿಸಿದವರಿಗಿಂತ ಕಡಿಮೆಯವರೆಂದು ಯಾರೂ ಎಣಿಸದಿರಲಿ. ದೇಶವು ಸ್ವತಂತ್ರವಾದುದರಿಂದ ಪೌರರ ಕರ್ತವ್ಯವು ಸರಕಾರದ ಪಾಲಾಯಿತೆಂದು ಅರ್ಥವಲ್ಲ. ಅದು ನಮ್ಮದೇ ಆಯಿತೆಂದು ಅರ್ಥ. ತೆಂಗನ್ನು ನೆಟ್ಟ ನಮ್ಮ ಅಜ್ಜಂದಿರು ತಾವು ಎಳನೀರು ಕುಡಿಯುವೆವೋ ಇಲ್ಲವೋ ಎಂದು ಲೆಕ್ಕ ಹಾಕಲಿಲ್ಲ. ಪಾತಿ ಮಾಡಿ, ನೀರು ಹೊಯ್ದು, ಬೇಲಿ ಕಟ್ಟಿ ಹೋದರು. ನಾವು ಇಂದು ಅದರ ನೆರಳಿನಲ್ಲಿ ಕುಳಿತು ಸಭೆ ನಡೆಸುತ್ತಿದ್ದೇವೆ.