ಡಾಕ್ಟರ್ ಇಲ್ಲದ ಊರಿಗೆ ನರ್ಸ್ ಸಾಕೇ?

ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜೇ ಇದೆ. ಆದರೆ ಅಲ್ಲಿ ಓದಿದವರೆಲ್ಲ ಹಳ್ಳಿಗೆ ಬರುವುದಿಲ್ಲ. ಬಾದಾಮಿ, ಹುನಗುಂದ ಕಡೆಯ ಹಳ್ಳಿಯವರಾಗಲಿ, ಇಳಕಲ್ ಸುತ್ತಲಿನ ನೇಕಾರರಾಗಲಿ, ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯನ್ನೂ ಬಿಡಬೇಕು. ಅರ್ಥಶಾಸ್ತ್ರದಲ್ಲಿ ನಾವು ಇದನ್ನೇ ಅವಕಾಶ ವೆಚ್ಚ ಎಂದು ಓದುತ್ತೇವೆ. ಈ ವೆಚ್ಚಕ್ಕೆ ಹೆದರಿ ಎಷ್ಟೋ ಜನ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಇಲ್ಲವೇ ಯಾವ ತರಬೇತಿಯೂ ಇಲ್ಲದವರ ಹತ್ತಿರ ಇಂಜೆಕ್ಷನ್ ಮಾಡಿಸಿಕೊಳ್ಳುತ್ತಾರೆ.

ಸರ್ಕಾರದ ನಿಯಮದಂತೆ ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಇರಬೇಕು. ಡಾಕ್ಟರ್ ಇರುವುದು ಪ್ರಾಥಮಿಕ ಕೇಂದ್ರದಲ್ಲಿ ಮಾತ್ರ. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಬಂದ ಮೇಲೆ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು, ಅಂದರೆ ಸಿಎಚ್‌ಒಗಳು ಬರತೊಡಗಿದರು. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿ, ಆಮೇಲೆ ಆರು ತಿಂಗಳ ತರಬೇತಿ ಪಡೆದವರು. 30 ವರ್ಷ ದಾಟಿದವರ ಬಿ.ಪಿ., ಶುಗರ್ ಪರೀಕ್ಷಿಸುವುದು, ಡಾಕ್ಟರ್ ಬರೆದ ಮಾತ್ರೆಯನ್ನು ತಿಂಗಳು ತಿಂಗಳು ಕೊಡುವುದು, ಸಣ್ಣಪುಟ್ಟ ಕಾಯಿಲೆ ನೋಡುವುದು ಇವರ ಕೆಲಸ. ತಿಳಿಯದಿದ್ದರೆ ಇ-ಸಂಜೀವಿನಿ ಮೂಲಕ ದೂರದ ಡಾಕ್ಟರನ್ನು ಕೇಳಬಹುದು.

ಇದರಿಂದ ನಿಜವಾಗಿ ಉಪಯೋಗವಿದೆಯೇ? ಛತ್ತೀಸಗಢ ರಾಜ್ಯ 2001ರಲ್ಲಿ ಮೂರು ವರ್ಷದ ವೈದ್ಯಕೀಯ ಕೋರ್ಸ್ ತೆರೆದಿತ್ತು. ಅದನ್ನು ಮುಗಿಸಿದವರನ್ನು ಹಳ್ಳಿಯ ಕೇಂದ್ರಗಳಿಗೆ ನೇಮಿಸಲಾಯಿತು. ಮಲೇರಿಯಾ, ನ್ಯುಮೋನಿಯಾ, ಸಕ್ಕರೆ ಕಾಯಿಲೆಯಂಥ ಸಾಮಾನ್ಯ ರೋಗಗಳ ವಿಷಯದಲ್ಲಿ ಅವರ ತಿಳಿವಳಿಕೆ ಎಂಬಿಬಿಎಸ್ ಡಾಕ್ಟರಿಗೆ ಸಮನಾಗಿತ್ತು ಎಂದು ಸಂಶೋಧಕರು ಕಂಡುಕೊಂಡರು. ಆದರೆ ಇಂಥ ತರಬೇತಿ ಇಲ್ಲದೆ ಡಾಕ್ಟರ್ ಕೆಲಸ ಮಾಡುತ್ತಿದ್ದ ಇತರ ಸಿಬ್ಬಂದಿ ತುಂಬಾ ಹಿಂದಿದ್ದರು. ಅಂದರೆ ಪದವಿಯ ಹೆಸರಿಗಿಂತ ಆ ಕೆಲಸಕ್ಕೆ ಬೇಕಾದ ತರಬೇತಿ ಮುಖ್ಯ.

ನಮ್ಮ ಕಾಮರ್ಸ್ ಉದಾಹರಣೆ ನೋಡಿ. ಅಂಗಡಿಯ ದಿನದ ಲೆಕ್ಕ ಬರೆಯಲು ಸಿ.ಎ. ಬೇಕಿಲ್ಲ, ಕಲಿತ ಗುಮಾಸ್ತ ಸಾಕು. ಆದರೆ ತಪಾಸಣೆ ಮಾಡುವವರೇ ಇಲ್ಲದಿದ್ದರೆ ಆ ಲೆಕ್ಕವನ್ನು ನಂಬುವುದು ಹೇಗೆ? ಸಿಎಚ್‌ಒ ವಿಷಯವೂ ಹೀಗೆಯೇ. ಎದೆನೋವು ಬಂದಾಗ, ಹೆರಿಗೆ ಕಷ್ಟವಾದಾಗ ಡಾಕ್ಟರೇ ಬೇಕು. ಕೇಂದ್ರದಲ್ಲಿ ಮಾತ್ರೆ ಇರಬೇಕು, ಫೋನಿನ ಆ ಕಡೆ ಡಾಕ್ಟರ್ ಸಿಗಬೇಕು, ಹೊತ್ತಿಗೆ ಆಂಬ್ಯುಲೆನ್ಸ್ ಬರಬೇಕು. ಇವಿಲ್ಲದಿದ್ದರೆ ಒಬ್ಬ ನರ್ಸ್ ಮೇಲೆ ಇಡೀ ಊರಿನ ಭಾರ ಹೊರಿಸಿದಂತಾಗುತ್ತದೆ.

ಆದ್ದರಿಂದ ಸಿಎಚ್‌ಒ ಇದ್ದಾರೆಂಬ ನೆಪದಲ್ಲಿ ಡಾಕ್ಟರ್ ಹುದ್ದೆಯನ್ನು ಖಾಲಿ ಬಿಡಬಾರದು. ಡಾಕ್ಟರ್ ಅಲ್ಲವೆಂದು ನಾವು ಅವರನ್ನು ಕಡೆಗಣಿಸಲೂಬಾರದು. ಬಿ.ಪಿ. ಏರಿದ್ದು ಎಷ್ಟೋ ಸಲ ಹೊರಗೆ ಕಾಣಿಸುವುದೇ ಇಲ್ಲ. ನಿಮ್ಮ ಮನೆಯ ಅಮ್ಮಿ-ಅಬ್ಬಾ, ಅವ್ವ-ಅಪ್ಪನಿಗೆ 30 ದಾಟಿದೆಯಲ್ಲವೇ? ವರ್ಷಕ್ಕೊಮ್ಮೆಯಾದರೂ ಅವರನ್ನು ಹತ್ತಿರದ ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ. ಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ.