ಕೈಬದಲಾಗುವ ಆಕ್ಟೇವಿಯಾ ಆರ್‌ಎಸ್: ಬೆಲೆ ಕಟ್ಟುವ ಮುನ್ನ

ಕಾರ್ಯಾಗಾರಕ್ಕೆ ಹಳೆಯ ಲೇತ್ ಯಂತ್ರವನ್ನು ಕೊಳ್ಳಲು ಹೋದ ಉದ್ದಿಮೆದಾರರು ಅದಕ್ಕೆ ಬಳಿದ ಹೊಸ ಬಣ್ಣವನ್ನು ಕಂಡು ಮರುಳಾಗುವುದಿಲ್ಲ. ಚಕ್ಕಿನ ಸಮೀಪದಲ್ಲಿ ಬೆಡ್ ಎಷ್ಟು ಸವೆದಿದೆ ಎಂದು ತಡವಿ ನೋಡುತ್ತಾರೆ. ದಿನಕ್ಕೆ ಎಷ್ಟು ಪಾಳಿ ದುಡಿದಿದೆ, ಯಾರ ಕೈಯಲ್ಲಿ ದುಡಿದಿದೆ ಎಂದು ವಿಚಾರಿಸುತ್ತಾರೆ. ಅದೇ ಉದ್ದಿಮೆದಾರರು ಹಳೆಯ ಕಾರು ಕೊಳ್ಳಲು ಹೊರಟಾಗ ಈ ವಿವೇಕ ಅದೇಕೋ ನೆರವಿಗೆ ಬರುವುದಿಲ್ಲ. ಅದರಲ್ಲಿಯೂ ಆ ಕಾರು ವೇಗಕ್ಕೆಂದೇ ಸಿದ್ಧವಾದ ಸ್ಪೋರ್ಟ್ಸ್ ಸೆಡಾನ್ ಆಗಿದ್ದರೆ, ಒಂದು ಸುತ್ತು ಓಡಿಸಿ ಬಂದ ಮೇಲೆ ಲೆಕ್ಕಾಚಾರಕ್ಕೆ ಸ್ಥಳವೇ ಉಳಿಯುವುದಿಲ್ಲ.

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಸದಸ್ಯರೊಬ್ಬರು ಕೆಲವು ತಿಂಗಳುಗಳ ಹಿಂದೆ ಇಂಥದೊಂದು ಕಾರನ್ನು ನೋಡಲು ಬೆಂಗಳೂರಿಗೆ ಹೊರಟಾಗ ಈ ಲೇಖಕನನ್ನೂ ಜೊತೆಗೆ ಕರೆದೊಯ್ದರು. ಕಾರು 2017ರ ಕೊನೆಯಲ್ಲಿ ನೋಂದಣಿಯಾದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಮಾಲೀಕರು ಒಬ್ಬರೇ, ಓಡಿದ್ದು 41,000 ಕಿಲೋಮೀಟರ್, ಕೇಳಿದ ಬೆಲೆ 19 ಲಕ್ಷ ರೂಪಾಯಿ. ಈ ಹಣ ಸಂಸ್ಥೆಯ ದುಡಿಯುವ ಬಂಡವಾಳದಿಂದಲೇ ಹೊರಬರಬೇಕಾಗಿತ್ತು. ಅವರ ಘಟಕಕ್ಕೆ ಅದು ಸುಮಾರು ಮೂರು ತಿಂಗಳ ಕಚ್ಚಾಮಾಲಿನ ಮೊತ್ತ. ತಪ್ಪಿದರೆ ಪೆಟ್ಟು ಬೀಳುವುದು ಶೋಕಿಗಲ್ಲ, ವ್ಯಾಪಾರಕ್ಕೆ.

ಯಾವ ಆರ್‌ಎಸ್?

ಜನಸಾಮಾನ್ಯರ ಕಾರುಗಳನ್ನು ತಯಾರಿಸುವ ಕಂಪನಿಯೊಂದು ತನ್ನ ಸಾಧಾರಣ ಸೆಡಾನ್‌ಗೆ ಬಲಶಾಲಿ ಎಂಜಿನ್ ಕೂಡಿಸಿ ಮಾರಿದ್ದಕ್ಕೆ ನಮ್ಮ ದೇಶದಲ್ಲಿ ಆಕ್ಟೇವಿಯಾದಷ್ಟು ದೀರ್ಘ ಉದಾಹರಣೆ ಬೇರೊಂದಿಲ್ಲವೆನ್ನಬಹುದು. 2004ರಲ್ಲಿ 1.8 ಲೀಟರ್ ಟರ್ಬೊ ಎಂಜಿನ್ನಿನ, 150 ಅಶ್ವಶಕ್ತಿಯ ಮೊದಲ ಆರ್‌ಎಸ್ ಬಂದಿತು. 2011ರಲ್ಲಿ ಲಾರಾ ಹೆಸರಿನಡಿ 160 ಅಶ್ವಶಕ್ತಿಯ ಕಾರು ಬಂದಿತು. 2017ರ ಸೆಪ್ಟೆಂಬರಿನಲ್ಲಿ 2 ಲೀಟರ್, 230 ಅಶ್ವಶಕ್ತಿಯ ಮಾದರಿಯು 24.62 ಲಕ್ಷ ರೂಪಾಯಿಯ ಷೋರೂಂ ಬೆಲೆಗೆ ಬಿಡುಗಡೆಯಾಯಿತು. 2020ರಲ್ಲಿ 245 ಅಶ್ವಶಕ್ತಿಯ 200 ಕಾರುಗಳು ಪೂರ್ಣ ಆಮದಾಗಿ 35.99 ಲಕ್ಷಕ್ಕೆ ಬಂದವು. 2025ರ ಅಕ್ಟೋಬರಿನಲ್ಲಿ 265 ಅಶ್ವಶಕ್ತಿಯ 100 ಕಾರುಗಳು 49.99 ಲಕ್ಷಕ್ಕೆ ಮಾರಾಟಕ್ಕಿದ್ದವು.

ಮೊದಲ ಎರಡನ್ನು ವ್ಯವಹಾರದ ಬಳಕೆಗೆ ಪರಿಗಣಿಸದಿರುವುದೇ ಲೇಸು. 2004ರ ಕಾರು ಸಂಗ್ರಾಹಕರ ವಸ್ತು. ಲಾರಾದ ಎಂಜಿನ್ನಿಗೆ ಟೈಮಿಂಗ್ ಚೈನಿನ ಟೆನ್ಷನರ್ ಮತ್ತು ಆಯಿಲ್ ಕುಡಿಯುವ ಸಮಸ್ಯೆ ಅಂಟಿಕೊಂಡಿದೆ. ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿದೊಡನೆ ಸರಪಳಿ ಗಲಗಲಿಸಿದರೆ ಮುಂದಿನ ಮಾತು ಬೇಡ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣಸಿಗುವುದು 2017ರ ಮಾದರಿಯಾದ್ದರಿಂದ ಇಲ್ಲಿ ಅದನ್ನೇ ಮುಖ್ಯವಾಗಿ ವಿಚಾರಿಸಲಾಗಿದೆ.

ಈ ಕಾರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಪ್ರಚಲಿತವಾಗಿದೆ. ಸ್ಕೋಡಾದ ಡಿಎಸ್‌ಜಿ ಗೇರ್‌ಬಾಕ್ಸ್ ಕೈಕೊಡುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಆ ಅಪಖ್ಯಾತಿ ಬಹುಮಟ್ಟಿಗೆ ಏಳು ಗೇರುಗಳ, ಒಣ ಕ್ಲಚ್ಚಿನ ಪೆಟ್ಟಿಗೆಗೆ ಸೇರಿದ್ದು; ಅದು ಸಾಮಾನ್ಯ 1.8 ಲೀಟರ್ ಆಕ್ಟೇವಿಯಾದಲ್ಲಿತ್ತು. 2017ರ ಆರ್‌ಎಸ್‌ನಲ್ಲಿ ಇರುವುದು ಆರು ಗೇರುಗಳ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿನ ಪೆಟ್ಟಿಗೆ. ಇದು ಹೆಚ್ಚು ಗಟ್ಟಿ. ಆದರೆ ಪ್ರತಿ 60,000 ಕಿಲೋಮೀಟರಿಗೆ ಅದರ ಆಯಿಲ್ ಮತ್ತು ಫಿಲ್ಟರ್ ಬದಲಾಗಲೇಬೇಕು. ಸರ್ವೀಸ್ ಬಿಲ್ಲುಗಳಲ್ಲಿ ಮೊದಲು ಹುಡುಕಬೇಕಾದ ಸಾಲು ಇದೇ.

ತಂತ್ರಾಂಶದ ಮರೆ

ಲೇತ್ ಯಂತ್ರದಲ್ಲಿ ಸವೆತ ಕಣ್ಣಿಗೆ ಬೀಳುತ್ತದೆ. ಈ ಕಾರಿನಲ್ಲಿ ಅತಿ ಮುಖ್ಯವಾದ ಸವೆತ ಕಣ್ಣಿಗೆ ಬೀಳುವುದೇ ಇಲ್ಲ. ಎಂಜಿನ್ನನ್ನು ನಿಯಂತ್ರಿಸುವ ಗಣಕದ ತಂತ್ರಾಂಶವನ್ನು ಬದಲಿಸಿದರೆ ಸಾಕು, ಒಂದು ಬೋಲ್ಟನ್ನೂ ಮುಟ್ಟದೆ 230 ಅಶ್ವಶಕ್ತಿ ಮುನ್ನೂರರ ಆಸುಪಾಸಿಗೆ ಏರುತ್ತದೆ. ಇದನ್ನು ರೀಮ್ಯಾಪ್ ಎನ್ನುತ್ತಾರೆ. ಉತ್ಸಾಹಿ ಮಾಲೀಕರಲ್ಲಿ ಇದು ಸರ್ವೇಸಾಮಾನ್ಯ. ಮಾರುವ ಮುನ್ನ ಮೂಲ ತಂತ್ರಾಂಶವನ್ನು ಮರಳಿ ಹಾಕಿಸುವುದೂ ಅಷ್ಟೇ ಸಾಮಾನ್ಯ.

ಮರಳಿ ಹಾಕಿಸಿದ ಮೇಲೆ ತೊಂದರೆಯೇನು ಎಂದು ಕೇಳಬಹುದು. ಕಾರ್ಖಾನೆಯಿಂದ ಬಂದ ಎಂಜಿನ್ನಿನ ತಿರುಚುಬಲ 350 ನ್ಯೂಟನ್ ಮೀಟರ್. ಗೇರ್‌ಬಾಕ್ಸ್ ತಾಳಿಕೊಳ್ಳುವಂತೆ ರೂಪಿಸಲ್ಪಟ್ಟಿರುವುದು 350ರಿಂದ 400ರ ಮಿತಿಯೊಳಗೆ. ರೀಮ್ಯಾಪ್ ಆದ ಕಾರು ಈ ಮಿತಿಯನ್ನು ದಾಟಿ ದುಡಿಯುತ್ತದೆ. ಹತ್ತು ಟನ್ನಿನ ಪ್ರೆಸ್ಸಿನಲ್ಲಿ ಮೂರು ವರ್ಷ ಹದಿಮೂರು ಟನ್ನಿನ ಕೆಲಸ ತೆಗೆದು, ಮಾರುವ ದಿನ ಮತ್ತೆ ಹತ್ತಕ್ಕೆ ಇಳಿಸಿದಂತೆ. ಕ್ಲಚ್, ಟರ್ಬೊ, ಎಂಜಿನ್ ಮೌಂಟ್‌ಗಳ ಆಯುಷ್ಯ ಅಷ್ಟರಮಟ್ಟಿಗೆ ಖರ್ಚಾಗಿರುತ್ತದೆ. ಓಡೋಮೀಟರ್ ಮಾತ್ರ ಅದನ್ನು ಹೇಳುವುದಿಲ್ಲ. ಇದಲ್ಲದೆ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣವು ನಿರ್ಬಂಧಿಸುತ್ತದೆ. ತಿಳಿಸದೆ ಮಾಡಿದ ಮಾರ್ಪಾಡು ವಿಮಾ ಪರಿಹಾರದ ಸಮಯದಲ್ಲಿ ತಕರಾರಿಗೆ ಕಾರಣವಾಗುತ್ತದೆ.

ಇದನ್ನು ಪತ್ತೆ ಹಚ್ಚುವುದು ಅಸಾಧ್ಯವೇನಲ್ಲ. ಈ ಸಮೂಹದ ಕಾರುಗಳನ್ನು ಬಲ್ಲ ಸ್ವತಂತ್ರ ತಂತ್ರಜ್ಞರು ಸ್ಕ್ಯಾನರ್ ಜೋಡಿಸಿ ತಂತ್ರಾಂಶದ ಆವೃತ್ತಿಯನ್ನೂ, ಅದನ್ನು ಎಷ್ಟು ಬಾರಿ ಹೊಸದಾಗಿ ಬರೆಯಲಾಗಿದೆ ಎಂಬ ಎಣಿಕೆಯನ್ನೂ ನೋಡಬಲ್ಲರು. ಅಧಿಕೃತ ಕೇಂದ್ರದ ದಾಖಲೆಯಲ್ಲಿ ಬದಲಾದ ತಂತ್ರಾಂಶದ ಗುರುತು ಬಿದ್ದಿರುವುದೂ ಉಂಟು. ಬಾನೆಟ್ ಎತ್ತಿ ಗಾಳಿ ಸೇವಿಸುವ ಕೊಳವೆ ಮೂಲದ್ದೇ, ಹೊಗೆಕೊಳವೆಯ ಬೋಲ್ಟುಗಳು ಬಿಚ್ಚಿದ ಗುರುತಿವೆಯೇ, ಸ್ಪಾರ್ಕ್ ಪ್ಲಗ್ ಯಾವ ದರ್ಜೆಯದು ಎಂಬುದನ್ನೂ ನೋಡಬೇಕು. ಅದೇ ಸ್ಕ್ಯಾನರ್ ಮತ್ತೊಂದು ಉಪಕಾರ ಮಾಡುತ್ತದೆ. ಓಡಿದ ದೂರವು ಮೀಟರಿನಲ್ಲಿ ಮಾತ್ರವಲ್ಲದೆ ಕಾರಿನ ಬೇರೆ ನಿಯಂತ್ರಕಗಳಲ್ಲಿ, ದೋಷಗಳ ದಾಖಲೆಯೊಂದಿಗೂ ಉಳಿದಿರುತ್ತದೆ. ಮೀಟರ್ ಹಿಂದಕ್ಕೆ ತಿರುಗಿದ್ದರೆ ಇವು ಒಂದಕ್ಕೊಂದು ತಾಳೆಯಾಗುವುದಿಲ್ಲ.

ನಾವು ನೋಡಿದ ಕಾರಿನಲ್ಲಿ ದೂರ ತಾಳೆಯಾಯಿತು, ತಂತ್ರಾಂಶ ಆಗಲಿಲ್ಲ. ಮಾಲೀಕರು ಸಭ್ಯರು, ಕೇಳಿದಾಗ ಒಪ್ಪಿಕೊಂಡರು. ಎರಡು ವರ್ಷ ರೀಮ್ಯಾಪ್ ಇತ್ತು, ಕಳೆದ ತಿಂಗಳು ತೆಗೆಸಿದೆ ಎಂದರು. ನಾವು ಕೇಳದಿದ್ದರೆ ಅವರಾಗಿ ಹೇಳುತ್ತಿರಲಿಲ್ಲವೆಂಬುದೂ ನಿಜ.

ಉಳಿದ ಪರೀಕ್ಷೆಗಳು

ಕಾರನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬಾನೆಟ್ ಮುಟ್ಟಿದರೆ ಬೆಚ್ಚಗಿದ್ದಲ್ಲಿ ಮತ್ತೊಂದು ದಿನ ಬರುವುದು ಒಳ್ಳೆಯದು. ಈ ಎಂಜಿನ್ನಿನ ನೀರಿನ ಪಂಪು ಮತ್ತು ಥರ್ಮೋಸ್ಟಾಟ್ ಕೂಡಿರುವ ಪ್ಲಾಸ್ಟಿಕ್ ಭಾಗವು ಸೋರುವುದಕ್ಕೆ ಹೆಸರುವಾಸಿ. ಅದರ ಸುತ್ತ ಒಣಗಿದ ಗುಲಾಬಿ ಕಲೆ ಕಂಡರೆ ಕೂಲೆಂಟ್ ಸೋರುತ್ತಿದೆಯೆಂದು ತಿಳಿಯಬೇಕು. ಗೇರ್‌ಬಾಕ್ಸನ್ನು ಪರೀಕ್ಷಿಸಲು ವೇಗ ಬೇಕಿಲ್ಲ. ನಗರದ ಸಂದಣಿಯಲ್ಲಿ, ಎರಡನೆಯ ಗೇರಿನಲ್ಲಿ ತೆವಳುವಾಗ ನಡುಕ ಬರುತ್ತದೆಯೇ, ಏರಿನಲ್ಲಿ ಹಿಂದಕ್ಕೆ ತೆಗೆಯುವಾಗ ಜಗ್ಗುತ್ತದೆಯೇ ಎಂದು ನೋಡಿದರೆ ಸಾಕು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಮುಂದಿನ ಟೈರುಗಳ ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ ಅಥವಾ ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಲಾಗಿದೆ ಎಂದು ಅನುಮಾನಿಸಬಹುದು.

ಬಣ್ಣದ ದಪ್ಪವನ್ನು ಅಳೆಯುವ ಸಣ್ಣ ಉಪಕರಣ ಈಗ ಸುಲಭವಾಗಿ ದೊರೆಯುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಒಂದೇ ಬಾಗಿಲು 300 ತೋರಿಸಿದರೆ ಮರುಬಣ್ಣ, 500 ಮೀರಿದರೆ ಕೆಳಗೆ ಪುಟ್ಟಿ ಇದೆ. ಈ ಕಾರಿನಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಜನಸಾಮಾನ್ಯ ಬ್ರ್ಯಾಂಡಿನ ಕಾರಾದ್ದರಿಂದ ಎಂಜಿನ್ನಿನ ಅನೇಕ ಭಾಗಗಳು ಸೂಪರ್ಬ್ ಮುಂತಾದ ಒಡಹುಟ್ಟುಗಳೊಂದಿಗೆ ಹಂಚಿಕೆಯಾಗಿವೆ, ಸಿಗುತ್ತವೆ. ಆದರೆ ಆರ್‌ಎಸ್‌ಗೆಂದೇ ಮಾಡಿದ ಬಂಪರ್, ಆಸನಗಳು ಮತ್ತು ಹೊರಗಿನ ಅಲಂಕಾರಗಳು ಬೇರಾವ ಕಾರಿನಲ್ಲಿಯೂ ಇಲ್ಲ. ಸಾಮಾನ್ಯ ಆಕ್ಟೇವಿಯಾದ ಮಾರಾಟವೂ 2023ರಲ್ಲಿ ನಮ್ಮ ದೇಶದಲ್ಲಿ ನಿಂತುಹೋಯಿತು. ಆದ್ದರಿಂದ ಮುಖ ಜಖಂಗೊಂಡು ರಿಪೇರಿಯಾದ ಆರ್‌ಎಸ್‌ಗಿಂತ, ಬಿಲ್ಲು ಸಮೇತ ನೀರಿನ ಪಂಪು ಬದಲಾದ ಆರ್‌ಎಸ್ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ.

ನೀರಿನಲ್ಲಿ ಮುಳುಗಿದ ಕಾರುಗಳ ಬಗೆಗೂ ಎಚ್ಚರ ಬೇಕು. 2018ರ ಆಗಸ್ಟಿನಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಬಡಾವಣೆಗಳು, 2023ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ದುಬಾರಿ ಕಾರುಗಳೂ ಮುಳುಗಿದವು. ಸೀಟು ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ, ಸ್ಟೆಪ್ನಿಯ ಕೆಳಗೆ ತುಕ್ಕು ಇದೆಯೇ ಎಂದು ನೋಡಬೇಕು. ಆ ತಿಂಗಳುಗಳ ವಿಮಾ ಪರಿಹಾರದ ಇತಿಹಾಸವನ್ನೂ ಕೇಳಿ ಪಡೆಯಬೇಕು.

ಕಾಗದಪತ್ರ ಮತ್ತು ತೆರಿಗೆ

ಸಾಲದ ಅಡಮಾನ ತೀರಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35, ವರ್ಗಾವಣೆಗೆ ನಮೂನೆ 29 ಮತ್ತು 30 ಇವು ಸದಸ್ಯರಿಗೆ ತಿಳಿದೇ ಇವೆ. ಮಧ್ಯವರ್ತಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳನ್ವಯ ಅವರು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದ ವ್ಯಾಪಾರಿಯೇ ಎಂದು ವಿಚಾರಿಸಬೇಕು. ಬೇರೆ ರಾಜ್ಯದ ಕಾರು ಅಗ್ಗವೆಂದು ತೋರಿದರೆ ಅವಸರ ಬೇಡ. ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸುವಾಗ ಜೀವಾವಧಿ ತೆರಿಗೆಯನ್ನು ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆಯೇ ಹೊರತು ನೀವು ತೆತ್ತ ಬೆಲೆಯ ಮೇಲಲ್ಲ. ಮೊದಲ ರಾಜ್ಯದಿಂದ ಮರುಪಾವತಿ ಕೋರಲು ಅವಕಾಶವಿದ್ದರೂ, ಅದು ಕೈಗೆ ಬರುವವರೆಗೆ ಲೆಕ್ಕಕ್ಕೆ ಹಿಡಿಯದಿರುವುದು ವರ್ತಕರ ಜಾಣತನ.

ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವುದಾದರೆ ಆದಾಯ ತೆರಿಗೆಯಲ್ಲಿ ಹಳೆಯ ಕಾರಿಗೂ ಶೇ. 15ರ ಸವಕಳಿ ದೊರೆಯುತ್ತದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗೂ ಮೀರಿ ನಗದಾಗಿ ಕೊಟ್ಟ ಮೊತ್ತವು ಸವಕಳಿಯ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ 'ಅರ್ಧ ಕ್ಯಾಷ್ ಕೊಡಿ, ಬೆಲೆ ಇಳಿಸುತ್ತೇನೆ' ಎಂಬ ಮಾತಿನಲ್ಲಿ ಲಾಭವಿಲ್ಲ. ಪ್ರಯಾಣಿಕ ಕಾರಿನ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಾಮಾನ್ಯವಾಗಿ ಸಿಗುವುದಿಲ್ಲವೆಂಬುದೂ ನೆನಪಿನಲ್ಲಿರಲಿ.

ಅನೇಕರು ಮರೆಯುವ ಅಂಶ ಮುಂದೆ ಮಾರುವಾಗಿನ ಜಿಎಸ್‌ಟಿ. ನೋಂದಾಯಿತ ಸಂಸ್ಥೆ ಸವಕಳಿ ಪಡೆದ ಕಾರನ್ನು ಮಾರಿದರೆ, ಮಾರಾಟ ಬೆಲೆಗೂ ಸವಕಳಿ ಕಳೆದ ಬೆಲೆಗೂ ಇರುವ ಅಂತರದ ಮೇಲೆ ಶೇ. 18 ತೆರಿಗೆ ಬೀಳುತ್ತದೆ. ಅಂತರ ಋಣಾತ್ಮಕವಾದರೆ ತೆರಿಗೆ ಇಲ್ಲ. 16 ಲಕ್ಷಕ್ಕೆ ಕೊಂಡ ಕಾರು ಮೂರು ವರ್ಷಗಳ ಪೂರ್ಣ ಸವಕಳಿಯ ನಂತರ ಪುಸ್ತಕದಲ್ಲಿ 9.83 ಲಕ್ಷಕ್ಕೆ ಇಳಿದಿರುತ್ತದೆ. ಅದನ್ನು 13 ಲಕ್ಷಕ್ಕೆ ಮಾರಿದರೆ ಸುಮಾರು 57,000 ರೂಪಾಯಿ ಜಿಎಸ್‌ಟಿ. ಆರ್‌ಎಸ್‌ನಂತಹ ವಿರಳ ಕಾರು ಬೆಲೆ ಉಳಿಸಿಕೊಳ್ಳುತ್ತದೆ ಎಂದು ಹೇಳಿ ಮಾರುವವರು ಈ ಬಾಬನ್ನು ಹೇಳುವುದಿಲ್ಲ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಶೇ. 28 ತೆರಿಗೆ ಮತ್ತು ಸೆಸ್‌ನ ಬದಲಿಗೆ ಶೇ. 40ರ ಒಂದೇ ದರ ಬಂದು ಹೊಸ ಕಾರುಗಳ ಬೆಲೆ ಇಳಿಯಿತು. ಅದಕ್ಕೂ ಹಿಂದಿನ ಮಾರಾಟದ ಉದಾಹರಣೆಗಳನ್ನು ಬೆಲೆಗೆ ಆಧಾರವಾಗಿ ಒಪ್ಪಬೇಕಾಗಿಲ್ಲ.

ನಮ್ಮ ಸದಸ್ಯರು ಬೆಂಗಳೂರಿನ ಕಾರಿಗೆ 15.5 ಲಕ್ಷ ಹೇಳಿದರು. ಕ್ಲಚ್ ಮತ್ತು ಟರ್ಬೊಗಾಗಿ ಮೀಸಲಿಡಬೇಕಾದ ಮೊತ್ತವನ್ನು ಕಾಗದದ ಮೇಲೆ ಬರೆದು ತೋರಿಸಿದರೂ ಮಾಲೀಕರು ಒಪ್ಪಲಿಲ್ಲ. ಎರಡು ತಿಂಗಳ ನಂತರ ಮೈಸೂರಿನಲ್ಲಿ ಅದೇ ಮಾದರಿಯ ಮತ್ತೊಂದು ಕಾರು ದೊರೆಯಿತು. ಓಡಿದ್ದು 68,000 ಕಿಲೋಮೀಟರ್, ತಂತ್ರಾಂಶ ಮೂಲದ್ದು, 61,000ದಲ್ಲಿ ಗೇರ್‌ಬಾಕ್ಸ್ ಆಯಿಲ್ ಬದಲಾದ ಬಿಲ್ಲು ಇತ್ತು. 16 ಲಕ್ಷಕ್ಕೆ ವ್ಯವಹಾರ ಮುಗಿದು ಹಣ ಪೂರ್ತಿ ಬ್ಯಾಂಕಿನ ಮೂಲಕ ಸಂದಾಯವಾಯಿತು. ಮಾರಿದವರ ನೋ ಕ್ಲೈಮ್ ಬೋನಸ್ ಕೊಂಡವರಿಗೆ ಬರುವುದಿಲ್ಲ. ಸ್ವಂತ ಹಾನಿಯ ವಿಮೆಯೂ ಹೆಸರು ಬದಲಾಗುವವರೆಗೆ ನೆರವಿಗೆ ಬಾರದು. ಇದಕ್ಕಿರುವ ಅವಧಿ 14 ದಿನ. ಅವರ ಅರ್ಜಿ ಹನ್ನೊಂದನೆಯ ದಿನ ಸಲ್ಲಿಕೆಯಾಯಿತು. ಅಲ್ಲಿಯವರೆಗೆ ಕಾರು ಕಾರ್ಖಾನೆಯ ಷೆಡ್ಡಿನಲ್ಲಿಯೇ ನಿಂತಿತ್ತು.