ಕೃಶವಾಗುವ ಆತುರ

ದೇಹದ ಸ್ಥೌಲ್ಯವು ದೋಷವೆಂಬುದನ್ನು ನಮ್ಮ ಪ್ರಾಚೀನ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಚರಕಸಂಹಿತೆಯ ಸೂತ್ರಸ್ಥಾನವು ನಿಂದ್ಯವಾದ ಎಂಟು ಬಗೆಯ ಶರೀರಗಳನ್ನು ಹೇಳುವಾಗ ಅತಿಸ್ಥೂಲನನ್ನೂ ಅತಿಕೃಶನನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದೆ. ಈಗಿನವರು ಮೊದಲನೆಯದಕ್ಕೆ ಮಾತ್ರ ಅಂಜುತ್ತಾರೆ. ತಿಂಗಳೊಳಗೆ ಮೈ ಕರಗಿಸುವೆವೆಂಬ ಜಾಹೀರಾತನ್ನು ಕಂಡೊಡನೆ ಅನ್ನವನ್ನು ತೊರೆದು ಯಾವುದೋ ಪುಡಿಯನ್ನೋ ಪಾನಕವನ್ನೋ ನೆಚ್ಚುತ್ತಾರೆ. ಈ ಆತುರವು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಅಮೆರಿಕಾ ದೇಶದಲ್ಲಿ ನಡೆದ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇವೆ.

1976ನೆಯ ಇಸವಿಯಲ್ಲಿ ಅಲ್ಲಿಯ ರಾಬರ್ಟ್ ಲಿನ್ ಎಂಬ ವೈದ್ಯನು ‘ದಿ ಲಾಸ್ಟ್ ಚಾನ್ಸ್ ಡಯಟ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಊಟವನ್ನು ಬಿಟ್ಟು ಪ್ರೋಟೀನಿನ ದ್ರವವೊಂದನ್ನು ಕುಡಿದುಕೊಂಡಿರಬೇಕೆಂಬುದೇ ಅದರ ಸಾರ. ಆ ದ್ರವವಾದರೋ ಕಸಾಯಿಖಾನೆಯಲ್ಲಿ ಉಳಿದ ತೊಗಲು ಮುಂತಾದವುಗಳಿಂದ ಇಳಿಸಿದುದು. ಅದರಿಂದ ದಿನವೊಂದಕ್ಕೆ ದೊರೆಯುತ್ತಿದ್ದ ಶಕ್ತಿಯು 400 ಕ್ಯಾಲೊರಿಗಳಷ್ಟೂ ಇರಲಿಲ್ಲ. ವಯಸ್ಕ ಸ್ತ್ರೀಗೆ ಬೇಕಾದುದು 2000ದ ಆಸುಪಾಸು. ಪುಸ್ತಕವು ಲಕ್ಷಗಟ್ಟಲೆ ಮಾರಿತು. ಜನರ ತೂಕವೂ ನಿಜವಾಗಿಯೇ ಇಳಿಯಿತು. ಆದರೆ ಎರಡು ವರ್ಷ ಕಳೆಯುವುದರೊಳಗೆ ಈ ಬಗೆಯ ಪಥ್ಯವನ್ನು ಹಿಡಿದವರಲ್ಲಿ ಐವತ್ತಕ್ಕೂ ಮಿಕ್ಕ ಮಂದಿ ಮೃತರಾದರೆಂಬ ವರದಿಗಳು ಸರ್ಕಾರಕ್ಕೆ ಬಂದವು. ಹಠಾತ್ತಾಗಿ ಮೃತರಾದ 17 ಮಂದಿಯ ವಿಷಯವನ್ನು ವೈದ್ಯರು ಪರಿಶೀಲಿಸಿ 1979ರಲ್ಲಿ ಪ್ರಕಟಿಸಿದರು. ಹೃದಯದ ಲಯ ಕೆಟ್ಟುದೇ ಇಂಥ ಮರಣಗಳಲ್ಲಿ ಕಂಡುಬಂದ ಮುಖ್ಯ ಸಂಗತಿ.

ಇದು ಹೇಗೆಂದರೆ: ಆಹಾರವನ್ನು ಒಮ್ಮೆಗೇ ತಡೆದಾಗ ದೇಹವು ಕೊಬ್ಬನ್ನಷ್ಟೇ ಕರಗಿಸದು, ಮಾಂಸಖಂಡಗಳನ್ನೂ ತಿನ್ನತೊಡಗುತ್ತದೆ. ಹೃದಯವೂ ಮಾಂಸಖಂಡವೇ ಅಲ್ಲವೆ? ಪೊಟ್ಯಾಸಿಯಂ ಮೊದಲಾದ ಲವಣಗಳು ಕ್ಷೀಣಿಸಿದರೆ ಅದರ ಬಡಿತವು ತಪ್ಪುತ್ತದೆ. ತೊಗಲಿನಿಂದಾದ ಪ್ರೋಟೀನಿನಲ್ಲಿಯೋ ದೇಹಕ್ಕೆ ಅವಶ್ಯವಾದ ಟ್ರಿಪ್ಟೊಫ್ಯಾನ್ ಎಂಬ ಅಂಶವೇ ಇಲ್ಲ. ಇನ್ನು ಮೊದಲ ವಾರದಲ್ಲಿ ತಕ್ಕಡಿಯು ತೋರಿಸುವ ಇಳಿತದಲ್ಲಿ ಬಹುಭಾಗ ನೀರು. ತಕ್ಕಡಿಯು ತೂಕವನ್ನು ಹೇಳೀತೇ ಹೊರತು ಹೋದುದೇನೆಂಬುದನ್ನು ಹೇಳದು. ತೀವ್ರವಾಗಿ ಕೃಶರಾದವರಲ್ಲಿ ಪಿತ್ತಕೋಶದ ಕಲ್ಲುಗಳೂ ಉಂಟಾಗುವುದುಂಟು.

ಹಾಗಾದರೆ ಸ್ಥೂಲರು ಸುಮ್ಮನಿರಬೇಕೆ? ಹಾಗಲ್ಲ. ಅಹಿತವಾದ ಅಭ್ಯಾಸವನ್ನು ಬಿಡುವಾಗಲೂ ಪಾದಾಂಶ ಕ್ರಮದಿಂದ, ಸ್ವಲ್ಪಸ್ವಲ್ಪವಾಗಿಯೇ ಬಿಡಬೇಕೆಂಬುದು ಚರಕನ ಮತ. ವಾರಕ್ಕೆ ಅರ್ಧದಿಂದ ಒಂದು ಕಿಲೋದಷ್ಟು ಇಳಿದರೆ ಸಾಕೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಅನ್ನವನ್ನು ತುಸು ತಗ್ಗಿಸಿ, ಬೇಳೆ, ಸೊಪ್ಪು, ತರಕಾರಿ, ಮಜ್ಜಿಗೆಗಳನ್ನು ಉಳಿಸಿಕೊಂಡು, ಕರಿದುದನ್ನೂ ಸಿಹಿಯನ್ನೂ ಮಿತಗೊಳಿಸಿ, ನಿತ್ಯವೂ ನಡೆದಾಡುವುದು ಯಾವ ಗೃಹಸ್ಥನಿಗೂ ಅಸಾಧ್ಯವಲ್ಲ. ಗರ್ಭಿಣಿಯರೂ ಬೆಳೆಯುವ ಮಕ್ಕಳೂ ಮಧುಮೇಹಕ್ಕೆ ಔಷಧ ಸೇವಿಸುವವರೂ ವೈದ್ಯರನ್ನು ಕೇಳದೆ ಯಾವ ಕಠಿನ ಪಥ್ಯಕ್ಕೂ ಕೈಹಾಕಬಾರದು. ಪಥ್ಯದಲ್ಲಿರುವಾಗ ತಲೆಸುತ್ತು, ಮೂರ್ಛೆ, ಎದೆಬಡಿತದ ಏರುಪೇರು ಕಂಡರೆ ಅದನ್ನು ಪಥ್ಯದ ಗುಣವೆಂದು ಭಾವಿಸದೆ ಆ ಕ್ಷಣವೇ ವೈದ್ಯರ ಬಳಿಗೆ ಹೋಗಬೇಕು.

ವರ್ಷಗಳಿಂದ ಕೂಡಿದ ಮೇದಸ್ಸು ವಾರಗಳಲ್ಲಿ ಹೋಗಬೇಕೆಂಬ ಹಟವೇ ಇಲ್ಲಿಯ ನಿಜವಾದ ರೋಗ. ಮನೆಯಲ್ಲಿ ಯಾರಾದರೂ ಊಟದೆಲೆಯ ಮುಂದೆ ಕುಳಿತುಕೊಳ್ಳುವುದನ್ನೇ ಬಿಟ್ಟಿದ್ದರೆ, ಹಿರಿಯರು ಅದನ್ನು ಹೊಗಳದೆ ಕಾರಣವನ್ನು ವಿಚಾರಿಸಲೆಂದು ಕೋರುತ್ತೇವೆ.